ಹಾರ್ಡ್‌ಡಿಸ್ಕ್ ಕ್ಲೋನ್ ನಂತರದ ಬೂಟ್ ದೋಷಗಳು

ಒಂದು ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲಿರುವ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ ಮತ್ತು ಕಡತಗಳನ್ನು ಇದ್ದ ಹಾಗೆಯೇ ಇನ್ನೊಂದು ಡಿಸ್ಕಿಗೆ ಇಳಿಸುವುದನ್ನು ಕ್ಲೋನ್ ಮಾಡುವುದು ಎನ್ನುತ್ತಾರೆ. ಹೀಗೆ ಇಳಿಸಿದ ಡಿಸ್ಕನ್ನು ಜೋಡಿಸಿದ ಮೇಲೆ ಕಂಪ್ಯೂಟರ್ ಚಾಲೂ ಆಗದೆ ಕಪ್ಪು ಅಥವಾ ನೀಲಿ ಪರದೆಯಲ್ಲಿ ನಿಂತುಬಿಡುವುದು ಈ ಕೆಲಸದ ಸಾಮಾನ್ಯ ತೊಡಕು. ಇಂಥ ಪ್ರಸಂಗಗಳಲ್ಲಿ ಹಲವು ಸಲ ಕಡತಗಳು ಸರಿಯಾಗಿಯೇ ಬಂದಿರುತ್ತವೆ. ಯಂತ್ರ ಮತ್ತು ಡಿಸ್ಕು ಒಂದನ್ನೊಂದು ಗುರುತಿಸುವ ದಾಖಲೆ ಮಾತ್ರ ತಪ್ಪಿರುತ್ತದೆ. ಹೊಲ ಕೈಬದಲಾದರೂ ಪಹಣಿಯಲ್ಲಿ ಹಳೆಯ ಹೆಸರೇ ಉಳಿದಂಥ ಸ್ಥಿತಿ ಇದು. ಆದ್ದರಿಂದ ಮತ್ತೆ ಮತ್ತೆ ಕ್ಲೋನ್ ಮಾಡುವುದರಿಂದ ದೋಷ ಹೋಗುವುದಿಲ್ಲ. ಯಂತ್ರ ಯಾವ ಹಂತದವರೆಗೆ ಬಂದು ನಿಂತಿತು ಎಂಬುದನ್ನು ನೋಡಿ ಆ ಹಂತದ ದಾಖಲೆಯನ್ನು ತಿದ್ದುವುದೇ ಪರಿಹಾರದ ದಾರಿ.

ಸ್ಥಳೀಯ ಹಿನ್ನೆಲೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ರೈತರ ವ್ಯವಹಾರಕ್ಕೆ ಕಂಪ್ಯೂಟರ್ ನೇರವಾಗಿ ತಾಗಿದ್ದು ಭೂಮಿ ಯೋಜನೆಯಿಂದ. 2000ದ ಸುಮಾರಿಗೆ ಆರಂಭವಾದ ಈ ಯೋಜನೆ ಆಗಿನ 177 ತಾಲೂಕುಗಳ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಮೊದಲ ವರ್ಷಗಳಲ್ಲಿ ದತ್ತಾಂಶ ಆಯಾ ತಹಸೀಲ್ ಕಚೇರಿಯ ಯಂತ್ರದಲ್ಲೇ ಇರುತ್ತಿತ್ತು. ಮುಂದೆ ಅದು ಬೆಂಗಳೂರಿನ ಕೇಂದ್ರ ಸರ್ವರಿಗೆ ಹೋಯಿತು. ಇಂದು ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನೋಂದಣಿ ಎಲ್ಲವೂ ಅಂತರಜಾಲದ ಮೂಲಕ ನಡೆಯುವುದರಿಂದ ಒಂದು ಯಂತ್ರ ಕೆಟ್ಟರೆ ಸರ್ಕಾರಿ ದಾಖಲೆ ಕಳೆದುಹೋಗುವುದಿಲ್ಲ. ಆದರೆ ಆ ಯಂತ್ರದಲ್ಲಿ ಹೊಂದಿಸಿಟ್ಟ ಕೆಲಸದ ವ್ಯವಸ್ಥೆ ಕಳೆದುಹೋಗುತ್ತದೆ. ಗ್ರಾಮ ಒನ್ ಕೇಂದ್ರ, ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಬೆರಳಚ್ಚು ಯಂತ್ರದ ಡ್ರೈವರ್, ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್ ಮತ್ತು ಸ್ಕ್ಯಾನರುಗಳನ್ನು ಹೊಂದಿಸಲು ಅರ್ಧ ದಿನವಾದರೂ ಬೇಕು.

ಕನ್ನಡದ ಕೆಲಸದಲ್ಲಿ ಕ್ಲೋನ್ ಮಾಡಲು ಇನ್ನೊಂದು ಕಾರಣವೂ ಸೇರುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಟೈಪಿಸಿದ ಪತ್ರಗಳು ಯೂನಿಕೋಡಿನಲ್ಲಿಲ್ಲ. ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳಾಗಿ ಕಾಣುತ್ತವೆ. ಮದುವೆ ಕಾರ್ಡು, ಕರಪತ್ರ ಮಾಡುವ ಡಿಟಿಪಿ ಅಂಗಡಿಗಳಲ್ಲಿ 2001ರ ಪೇಜ್‌ಮೇಕರ್ 7 ಹಾಗೂ ಹಳೆಯ ಕೋರೆಲ್‌ಡ್ರಾ ಕಡತಗಳಿಗೂ ಇದೇ ಗತಿ. ಇಂಥ ಕಡೆ ಡಿಸ್ಕು ನಿಧಾನವಾದಾಗ ‘ಫಾರ್ಮ್ಯಾಟ್ ಹೊಡೆದು ವಿಂಡೋಸ್ ಹಾಕುವ’ ಬದಲು ಕ್ಲೋನ್ ಮಾಡುವುದೇ ಲಾಭ.

ಹವೆ ಮತ್ತು ಕರೆಂಟು ಎರಡೂ ಇಲ್ಲಿ ಡಿಸ್ಕಿಗೆ ಅನುಕೂಲವಲ್ಲ. ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮುಚ್ಚಿದ ಡಬ್ಬಿಯೊಳಗೆ ದೂಳು ಕಟ್ಟಿದ ಫ್ಯಾನಿನ ಹಿಂದೆ ಕೂತ ಹಾರ್ಡ್‌ಡಿಸ್ಕು, ತಯಾರಕರು ಸಾಮಾನ್ಯವಾಗಿ ಹಾಕುವ 60 ಡಿಗ್ರಿಯ ಮಿತಿಗೆ ಹತ್ತಿರವಾಗುತ್ತದೆ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಡತ ವ್ಯವಸ್ಥೆ ಅರ್ಧಕ್ಕೆ ನಿಲ್ಲುತ್ತದೆ. ಇದರ ಜೊತೆಗೆ, 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಬೇಕಾದ ಟಿಪಿಎಂ 2.0 ಭದ್ರತಾ ಚಿಪ್ಪು ಇಲ್ಲದ ಹಳೆಯ ಯಂತ್ರಗಳಿಗೆ ಎಸ್‌ಎಸ್‌ಡಿ ಹಾಕಿಸಿ ಇನ್ನಷ್ಟು ಕಾಲ ಓಡಿಸುವುದು ಸಣ್ಣ ಅಂಗಡಿಗಳಿಗೆ ಕೈಗೆಟುಕುವ ದಾರಿ.

ಕ್ಲೋನ್ ಸಾಧನಗಳು

ಡಿಸ್ಕನ್ನು ಬಿಟ್ ಬಿಟ್ಟಾಗಿ ನಕಲಿಸುವ ಡಿಡಿ ಆಜ್ಞೆ 1970ರ ದಶಕದಿಂದ ಯೂನಿಕ್ಸಿನಲ್ಲಿದೆ. ಪಿಸಿ ಬಳಕೆದಾರರಲ್ಲಿ ಈ ಕೆಲಸವನ್ನು ಜನಪ್ರಿಯಗೊಳಿಸಿದ್ದು ನ್ಯೂಜಿಲೆಂಡಿನ ಬೈನರಿ ರಿಸರ್ಚ್ ಸಂಸ್ಥೆಯ ಘೋಸ್ಟ್. 1998ರಲ್ಲಿ ಸಿಮ್ಯಾಂಟೆಕ್ ಅದನ್ನು ಕೊಂಡು ನಾರ್ಟನ್ ಘೋಸ್ಟ್ ಹೆಸರಿನಲ್ಲಿ ಮಾರಿತು; ಹಳೆಯ ರಿಪೇರಿಗಾರರು ಇಂದಿಗೂ ‘ಘೋಸ್ಟ್ ಹಾಕುವುದು’ ಎನ್ನುವುದುಂಟು. ತೈವಾನಿನ ರಾಷ್ಟ್ರೀಯ ಉನ್ನತ ಸಾಮರ್ಥ್ಯ ಗಣನ ಕೇಂದ್ರದಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಉಚಿತ, ಮುಕ್ತ ತಂತ್ರಾಂಶ; ಪೆನ್‌ಡ್ರೈವಿನಿಂದಲೇ ಓಡುತ್ತದೆ. ಕೆಡುತ್ತಿರುವ ಡಿಸ್ಕಿನಿಂದ ಓದಬಲ್ಲಷ್ಟನ್ನು ಮೊದಲು ಎತ್ತಿಕೊಳ್ಳಲು ಗ್ನೂ ಡಿಡಿರೆಸ್ಕ್ಯೂ ಇದೆ. ವಿಂಡೋಸಿನೊಳಗೇ ನಡೆಯುವ ಮ್ಯಾಕ್ರಿಯಂ ರಿಫ್ಲೆಕ್ಟ್, ಅಕ್ರೋನಿಸ್ ಮುಂತಾದವು ವಿಭಾಗದ ಗಾತ್ರವನ್ನು ಹೊಂದಿಸಿ ಬೂಟ್ ದಾಖಲೆಗಳನ್ನೂ ತಿದ್ದುವುದರಿಂದ ದೋಷ ಬರುವ ಸಂಭವ ಕಡಿಮೆ. ಡಿಡಿ ಅಂಥ ತಿದ್ದುಪಡಿ ಏನನ್ನೂ ಮಾಡುವುದಿಲ್ಲ.

ಬೂಟ್ ಆಗುವ ಕ್ರಮ

ಗುಂಡಿ ಒತ್ತಿದ ಮೇಲೆ ಮದರ್‌ಬೋರ್ಡಿನ ಫರ್ಮ್‌ವೇರ್ ಎಚ್ಚರಗೊಂಡು ಡಿಸ್ಕನ್ನು ಹುಡುಕುತ್ತದೆ. ಅದು ಬೂಟ್ ಮ್ಯಾನೇಜರನ್ನು ಕರೆಯುತ್ತದೆ. ಬೂಟ್ ಮ್ಯಾನೇಜರ್ ಕಾರ್ಯಾಚರಣ ವ್ಯವಸ್ಥೆಯ ಲೋಡರನ್ನು ಎತ್ತಿಕೊಳ್ಳುತ್ತದೆ; ಲೋಡರ್ ಕರ್ನೆಲ್ ಮತ್ತು ಡಿಸ್ಕ್ ಡ್ರೈವರನ್ನು ಎತ್ತಿಕೊಳ್ಳುತ್ತದೆ. ಕೊನೆಗೆ ಲಾಗಿನ್ ಪರದೆ ಬರುತ್ತದೆ. ಈ ಸರಪಳಿ ಎರಡು ಪದ್ಧತಿಗಳಲ್ಲಿ ನಡೆಯುತ್ತದೆ.

ಹಳೆಯದಾದ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟಿನ ಸೆಕ್ಟರು, ಅಂದರೆ ಎಂಬಿಆರ್, ಬೂಟಿನ ಬಾಗಿಲು. ಅದರಲ್ಲಿ ಚಿಕ್ಕದೊಂದು ಪ್ರೋಗ್ರಾಂ, 4 ಬೈಟಿನ ಡಿಸ್ಕ್ ಸಹಿ, ನಾಲ್ಕು ವಿಭಾಗಗಳನ್ನು ಮಾತ್ರ ಹಿಡಿಯುವ 64 ಬೈಟಿನ ಪಟ್ಟಿ ಇರುತ್ತವೆ. 512 ಬೈಟಿನ ಸೆಕ್ಟರುಗಳ ಲೆಕ್ಕದಲ್ಲಿ ಈ ಪಟ್ಟಿ ಸುಮಾರು 2 ಟೆರಾಬೈಟಿನಾಚೆ ತಲುಪಲಾರದು. ಯುಇಎಫ್‌ಐ ಪದ್ಧತಿಯಲ್ಲಿ ಜಿಪಿಟಿ ಎಂಬ ಪಟ್ಟಿ ಬಳಕೆಯಾಗುತ್ತದೆ; ಇದರಲ್ಲಿ ಸಾಮಾನ್ಯವಾಗಿ 128 ವಿಭಾಗಗಳಿಗೆ ಜಾಗವಿದ್ದು, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ತುದಿಯಲ್ಲಿರುತ್ತದೆ. ಬೂಟ್ ಕಡತಗಳು ಫ್ಯಾಟ್32 ಮಾದರಿಯ ಪುಟ್ಟ ಇಎಫ್‌ಐ ವಿಭಾಗದಲ್ಲಿರುತ್ತವೆ. ಯಾವ ವಿಭಾಗದ ಯಾವ ಕಡತವನ್ನು ಕರೆಯಬೇಕೆಂಬ ಟಿಪ್ಪಣಿ ಮಾತ್ರ ಡಿಸ್ಕಿನಲ್ಲಿರದೆ ಮದರ್‌ಬೋರ್ಡಿನ ಸ್ಮೃತಿಯಲ್ಲಿರುತ್ತದೆ. ಡಿಸ್ಕನ್ನು ಎಷ್ಟೇ ನಿಖರವಾಗಿ ನಕಲಿಸಿದರೂ ಈ ಟಿಪ್ಪಣಿ ಅದರೊಂದಿಗೆ ಬರುವುದಿಲ್ಲ.

ಮೊದಲ ಹಂತ: ಡಿಸ್ಕು ಕಾಣದಿರುವುದು

ಫರ್ಮ್‌ವೇರಿನ ಸೆಟ್ಟಿಂಗಿನಲ್ಲಿ ಹೊಸ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಕ್ಲೋನಿನ ದೋಷವನ್ನು ಹುಡುಕಬೇಕಿಲ್ಲ. ಸಾಟಾ ಕೇಬಲ್ ಅಥವಾ ಪವರ್ ಕೇಬಲ್ ಸಡಿಲವಾಗಿರಬಹುದು. ಮೊದಲು ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಬೇಕು. ಎಂ.2 ಆಕಾರದ ಎಸ್‌ಎಸ್‌ಡಿಗಳಲ್ಲಿ ಸಾಟಾ ಮತ್ತು ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ಕಿಂಡಿಗೆ ಸರಿಯಾಗಿ ಕೂತರೂ ಬೋರ್ಡು ಆ ಬಗೆಯನ್ನು ಓದದೆ ಹೋಗಬಹುದು. 2014ಕ್ಕಿಂತ ಹಿಂದಿನ ಬಹುತೇಕ ಬೋರ್ಡುಗಳು ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ. ಅಂಥ ಯಂತ್ರಗಳಿಗೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿಯೇ ಸರಿ.

ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ಗುಂಡಿ ಸೆಲ್ ಸತ್ತಿದ್ದರೂ ಇಂಥದೇ ಗೊಂದಲ. ಪ್ರತಿಸಲ ಕರೆಂಟ್ ಹೋದಾಗ ದಿನಾಂಕವೂ ಬೂಟ್ ಸೆಟ್ಟಿಂಗೂ ಮೂಲಸ್ಥಿತಿಗೆ ಮರಳುತ್ತವೆ. ನಿನ್ನೆ ಚಾಲೂ ಆದ ಕ್ಲೋನು ಇಂದು ಬೆಳಿಗ್ಗೆ ನಿಂತು, ಪರದೆಯ ಗಡಿಯಾರ ಹಲವು ವರ್ಷ ಹಿಂದೆ ಹೋಗಿದ್ದರೆ ಮೊದಲು ಸೆಲ್ ಬದಲಿಸಬೇಕು.

ಎರಡನೆಯ ಹಂತ: ಬೂಟ್ ಮ್ಯಾನೇಜರ್ ಸಿಗದಿರುವುದು

ಡಿಸ್ಕು ಕಾಣುತ್ತದೆ, ಆದರೆ ‘ಬೂಟ್ ಮಾಡಬಲ್ಲ ಸಾಧನ ಇಲ್ಲ’ ಎಂಬ ಅರ್ಥದ ಸಂದೇಶ ಬರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಕಾರಣ. ಒಂದು, ಎಂಬಿಆರ್ ಡಿಸ್ಕಿನ ನಕಲನ್ನು ಯುಇಎಫ್‌ಐ ಮಾತ್ರ ಒಪ್ಪುವ ಯಂತ್ರಕ್ಕೆ ಹಾಕಿರುವುದು, ಅಥವಾ ಅದರ ತಿರುವುಮುರುವು. ಫರ್ಮ್‌ವೇರಿನಲ್ಲಿ ಲೆಗಸಿ (ಬಯಾಸ್ ಪದ್ಧತಿಯ) ಆಯ್ಕೆ ಇದ್ದರೆ ಅದನ್ನು ತೆರೆಯಬಹುದು. ಇಲ್ಲದಿದ್ದರೆ ವಿಂಡೋಸ್ 10ರ 1703 ಆವೃತ್ತಿಯಿಂದ ಬಂದಿರುವ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕನ್ನು ಪರಿವರ್ತಿಸಬಹುದು. ಇದಕ್ಕೆ ಡಿಸ್ಕಿನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ವಿಭಾಗ ಇರಬಾರದು.

ಎರಡು, ಸಿ ಡ್ರೈವನ್ನು ಮಾತ್ರ ನಕಲಿಸಿ ಪುಟ್ಟ ಇಎಫ್‌ಐ ವಿಭಾಗವನ್ನೋ ‘ಸಿಸ್ಟಮ್ ರಿಸರ್ವ್ಡ್’ ವಿಭಾಗವನ್ನೋ ಬಿಟ್ಟಿರುವುದು. ಅಕ್ಷರವಿಲ್ಲದ ಈ ವಿಭಾಗಗಳು ಮೈ ಕಂಪ್ಯೂಟರಿನಲ್ಲಿ ಕಾಣದ ಕಾರಣ ಇದು ಸುಲಭವಾಗಿ ಆಗುವ ತಪ್ಪು. ಎರಡು ಡಿಸ್ಕುಗಳಿದ್ದ ಯಂತ್ರದಲ್ಲಿ ವಿಂಡೋಸ್ ಒಂದರಲ್ಲಿ, ಬೂಟ್ ಕಡತ ಇನ್ನೊಂದರಲ್ಲಿ ಇರುವುದೂ ಉಂಟು.

ಮೂರು, ಮದರ್‌ಬೋರ್ಡಿನ ಟಿಪ್ಪಣಿ ಹಳೆಯ ವಿಭಾಗದ ಗುರುತನ್ನೇ ಹಿಡಿದಿರುವುದು. ಸೆಟ್ಟಿಂಗಿಗೆ ಹೋಗಿ ಹೊಸ ಡಿಸ್ಕನ್ನು ಮೊದಲ ಬೂಟ್ ಸಾಧನವಾಗಿ ಆರಿಸಿದರೆ ಕೆಲವೊಮ್ಮೆ ಅಷ್ಟೇ ಸಾಕು.

ಎರಡನೆಯ ಮತ್ತು ಮೂರನೆಯ ಕಾರಣಗಳಿಗೆ ಒಂದೇ ಖಚಿತ ಮದ್ದು ಇದೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ರಿಪೇರಿ ವಿಭಾಗಕ್ಕೆ ಹೋಗಿ ಕಮಾಂಡ್ ಪ್ರಾಂಪ್ಟ್ ತೆರೆಯಬೇಕು. ಡಿಸ್ಕ್‌ಪಾರ್ಟಿನಲ್ಲಿ ಇಎಫ್‌ಐ ವಿಭಾಗಕ್ಕೆ ತಾತ್ಕಾಲಿಕ ಅಕ್ಷರ ಕೊಟ್ಟು, ಅದು ಇಲ್ಲವಾದರೆ ಜಾಗ ಬಿಡಿಸಿ ಹೊಸದಾಗಿ ಮಾಡಿ, ಬಿಸಿಡಿಬೂಟ್ ಆಜ್ಞೆಗೆ ವಿಂಡೋಸ್ ಕಡತಕೋಶದ ದಾರಿ, ಆ ಅಕ್ಷರ ಮತ್ತು ಫರ್ಮ್‌ವೇರಿನ ಬಗೆ ಈ ಮೂರನ್ನೂ ತಿಳಿಸಿದರೆ ಬೂಟ್ ಕಡತಗಳು ಹೊಸದಾಗಿ ಬರೆಯಲ್ಪಡುತ್ತವೆ. ರಿಪೇರಿ ಪರಿಸರದಲ್ಲಿ ಸಿ ಡ್ರೈವ್ ಬೇರೆ ಅಕ್ಷರದಿಂದ ಕಾಣಬಹುದು. ವಿಂಡೋಸ್ ನಿಜವಾಗಿ ಎಲ್ಲಿದೆಯೆಂದು ನೋಡದೆ ಆಜ್ಞೆ ಕೊಡಬಾರದು. ಬೂಟ್‌ರೆಕ್ ಆಜ್ಞೆಯ ಫಿಕ್ಸ್‌ಎಂಬಿಆರ್ ಮತ್ತು ಫಿಕ್ಸ್‌ಬೂಟ್ ಆಯ್ಕೆಗಳು ಹಳೆಯ ಬಯಾಸ್ ಪದ್ಧತಿಯ ಡಿಸ್ಕುಗಳಿಗೆ ಸೇರಿದವು. ಜಿಪಿಟಿ ಡಿಸ್ಕಿನ ತೊಡಕನ್ನು ಅವು ಬಿಡಿಸುವುದಿಲ್ಲ.

ಮೂರನೆಯ ಹಂತ: ಬೂಟ್ ದಾಖಲೆ ತಪ್ಪಿರುವುದು

ವಿಂಡೋಸಿನ ಬೂಟ್ ಮ್ಯಾನೇಜರ್ ಸಿಕ್ಕಿ, ಆದರೆ ‘ನಿಮ್ಮ ಯಂತ್ರಕ್ಕೆ ದುರಸ್ತಿ ಬೇಕು’ ಎಂಬ ಅರ್ಥದ ಪರದೆಯಲ್ಲಿ ಸಿ000000ಇ ಅಥವಾ ಸಿ0000225 ಸಂಖ್ಯೆ ಬಂದರೆ ದೋಷ ಬಿಸಿಡಿಯಲ್ಲಿದೆ. ವಿಸ್ತಾದಿಂದೀಚೆಗೆ ಹಳೆಯ ಬೂಟ್.ಐಎನ್‌ಐ ಕಡತದ ಜಾಗಕ್ಕೆ ಬಂದ ದಾಖಲೆ ಈ ಬಿಸಿಡಿ. ವಿಂಡೋಸ್ ಎಲ್ಲಿದೆ ಎಂಬುದನ್ನು ಅದು ಎಂಬಿಆರ್ ಡಿಸ್ಕಾದರೆ ಡಿಸ್ಕ್ ಸಹಿ ಮತ್ತು ವಿಭಾಗದ ಆರಂಭಸ್ಥಾನದಿಂದ, ಜಿಪಿಟಿ ಡಿಸ್ಕಾದರೆ ಉದ್ದನೆಯ ಗುರುತುಸಂಖ್ಯೆಯಿಂದ ನೆನಪಿಟ್ಟಿರುತ್ತದೆ.

ಹಳೆಯ ಮತ್ತು ಹೊಸ ಡಿಸ್ಕುಗಳನ್ನು ಒಟ್ಟಿಗೆ ಜೋಡಿಸಿಟ್ಟು ಚಾಲೂ ಮಾಡುವುದು ಈ ದೋಷದ ದೊಡ್ಡ ಮೂಲ. ಎರಡಕ್ಕೂ ಒಂದೇ ಸಹಿ ಇದ್ದರೆ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ. ಬಳಕೆದಾರ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಅದನ್ನು ಆನ್‌ಲೈನ್ ಮಾಡಿದ ಕ್ಷಣ ಅದಕ್ಕೆ ಹೊಸ ಸಹಿ ಬೀಳುತ್ತದೆ. ಅದರೊಳಗಿನ ಬಿಸಿಡಿ ಮಾತ್ರ ಹಳೆಯ ಸಹಿಯನ್ನೇ ಹುಡುಕುತ್ತಿರುತ್ತದೆ. ಆಮೇಲೆ ಆ ಡಿಸ್ಕನ್ನು ಒಂಟಿಯಾಗಿ ಹಾಕಿದರೆ ಯಂತ್ರ ನಿಲ್ಲುತ್ತದೆ. ಪರಿಹಾರ ಮೇಲೆ ಹೇಳಿದ ಬಿಸಿಡಿಬೂಟೇ. ಇದನ್ನು ತಡೆಯಲು ಕ್ಲೋನ್ ಮುಗಿದ ಕೂಡಲೇ ಯಂತ್ರ ಆರಿಸಿ, ಹಳೆಯ ಡಿಸ್ಕನ್ನು ಬಿಚ್ಚಿಟ್ಟು, ಹೊಸದನ್ನು ಹಳೆಯದರ ಪೋರ್ಟಿಗೇ ಜೋಡಿಸಿ ಮೊದಲ ಸಲ ಚಾಲೂ ಮಾಡಬೇಕು.

ಯುಎಸ್‌ಬಿ ಡಬ್ಬಿಯೂ ಒಮ್ಮೊಮ್ಮೆ ಮೋಸ ಮಾಡುತ್ತದೆ. ಕೆಲವು ಅಡಾಪ್ಟರುಗಳು 512 ಬೈಟಿನ ಸೆಕ್ಟರನ್ನು 4096 ಬೈಟಿನದಾಗಿ ತೋರಿಸುತ್ತವೆ. ಅದರ ಮೂಲಕ ಬರೆದ ವಿಭಾಗಪಟ್ಟಿಯ ಲೆಕ್ಕ, ಡಿಸ್ಕನ್ನು ನೇರ ಸಾಟಾಕ್ಕೆ ಹಾಕಿದಾಗ ಹೊಂದುವುದಿಲ್ಲ. ಡಿಸ್ಕು ಖಾಲಿ ಎಂದೇ ಕಾಣುತ್ತದೆ. ಆಗ ನೇರ ಜೋಡಣೆಯಲ್ಲಿ ಮತ್ತೆ ಕ್ಲೋನ್ ಮಾಡಬೇಕು. ಮರುಕ್ಲೋನ್ ನಿಜಕ್ಕೂ ಬೇಕಾಗುವ ಕೆಲವೇ ಪ್ರಸಂಗಗಳಲ್ಲಿ ಇದೊಂದು.

ನಾಲ್ಕನೆಯ ಹಂತ: ನೀಲಿ ಪರದೆ

ವಿಂಡೋಸಿನ ಚಿಹ್ನೆ ಕಂಡು, ಚುಕ್ಕೆಗಳು ತಿರುಗಿ, ಬಳಿಕ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬಂದರೆ ಅದು 7ಬಿ ದೋಷ. ಬೂಟ್ ದಾಖಲೆಗಳು ಸರಿಯಿವೆ. ಕರ್ನೆಲ್ಲಿಗೆ ಡಿಸ್ಕನ್ನು ಓದುವ ಡ್ರೈವರ್ ಸಿಕ್ಕಿಲ್ಲ. ಫರ್ಮ್‌ವೇರಿನಲ್ಲಿ ಸಾಟಾ ಕ್ರಮ ಐಡಿಇಯಿಂದ ಎಎಚ್‌ಸಿಐಗೆ ಅಥವಾ ರೇಡಿಗೆ ಬದಲಾಗಿರುವುದು ಇದರ ಪ್ರಧಾನ ಕಾರಣ. ಮೊದಲು ಹಳೆಯ ಕ್ರಮಕ್ಕೇ ಮರಳಿಸಿ ನೋಡಬೇಕು. ಎಎಚ್‌ಸಿಐ ಬೇಕೇ ಬೇಕೆಂದಾದರೆ ವಿಂಡೋಸ್ 8ರಿಂದೀಚೆಗಿನ ಆವೃತ್ತಿಗಳಲ್ಲಿ ಹಳೆಯ ಕ್ರಮದಲ್ಲಿದ್ದಾಗಲೇ ಸೇಫ್ ಮೋಡನ್ನು ನಿಗದಿಪಡಿಸಿ, ಫರ್ಮ್‌ವೇರಿನಲ್ಲಿ ಕ್ರಮ ಬದಲಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಚಾಲೂ ಮಾಡಿದರೆ ವಿಂಡೋಸ್ ತಕ್ಕ ಡ್ರೈವರನ್ನು ತಾನೇ ಹಿಡಿಯುತ್ತದೆ. ನಂತರ ಸೇಫ್ ಮೋಡ್ ನಿಗದಿಯನ್ನು ತೆಗೆಯಬೇಕು.

ಸಾಟಾ ಡಿಸ್ಕಿನಿಂದ ಎನ್‌ವಿಎಂಇಗೆ ಹೋಗುವಾಗಲೂ ಇದೇ ದೋಷ ಬರಬಹುದು. ವಿಂಡೋಸ್ 7ರ ಮೂಲ ಆವೃತ್ತಿಯಲ್ಲಿ ಎನ್‌ವಿಎಂಇ ಡ್ರೈವರೇ ಇಲ್ಲ. ಇಂಟೆಲ್‌ನ 11ನೆಯ ಪೀಳಿಗೆಯಿಂದೀಚೆಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ಸೆಟ್ಟಿಂಗು ಡಿಸ್ಕನ್ನು ಮರೆಮಾಡುತ್ತದೆ. ಅದಕ್ಕೆ ತಕ್ಕ ಡ್ರೈವರ್ ಸೇರಿಸಬೇಕು, ಇಲ್ಲವೇ ಆ ಸೆಟ್ಟಿಂಗನ್ನು ಆಫ್ ಮಾಡಬೇಕು.

ಐದನೆಯ ಹಂತ: ಲಾಗಿನ್ನಿನಲ್ಲಿ ಸಿಲುಕುವುದು

ಲಾಗಿನ್ ಆದರೂ ಡೆಸ್ಕ್‌ಟಾಪ್ ಬಾರದೆ ಹೋದರೆ ಅಥವಾ ತಾತ್ಕಾಲಿಕ ಪ್ರೊಫೈಲ್ ತೆರೆದರೆ ಡ್ರೈವ್ ಅಕ್ಷರಗಳು ಅದಲುಬದಲಾಗಿರಬಹುದು. ಯಾವ ಡಿಸ್ಕಿಗೆ ಯಾವ ಅಕ್ಷರ ಎಂಬುದು ರಿಜಿಸ್ಟ್ರಿಯ ಮೌಂಟೆಡ್‌ಡಿವೈಸಸ್ ಕೀಲಿಯಲ್ಲಿದೆ; ಆ ದಾಖಲೆಯೂ ಇದ್ದಂತೆಯೇ ನಕಲಾಗಿ ಬಂದಿರುತ್ತದೆ. ಹಳೆಯ ಡಿಸ್ಕು ಜೋಡಣೆಯಲ್ಲಿದ್ದರೆ ವಿಂಡೋಸ್ ಹೊಸ ಡಿಸ್ಕಿನಿಂದ ಎದ್ದು ಅರ್ಧ ಕೆಲಸವನ್ನು ಹಳೆಯದರಲ್ಲಿ ಮಾಡಬಹುದು. ಹಳೆಯ ಡಿಸ್ಕನ್ನು ತೆಗೆದು ಚಾಲೂ ಮಾಡಿದರೆ ವಿಷಯ ಸ್ಪಷ್ಟವಾಗುತ್ತದೆ.

ಲಿನಕ್ಸ್ ಯಂತ್ರಗಳು

ಲಿನಕ್ಸಿನಲ್ಲಿ ಬೂಟ್ ಕೆಲಸ ಗ್ರಬ್‌ನದು. ನಕಲಾದ ಮೇಲೆ ಗ್ರಬ್ ‘ರೆಸ್ಕ್ಯೂ’ ಎಂಬ ಪದದಲ್ಲಿ ನಿಂತರೆ ಅದಕ್ಕೆ ತನ್ನ ಕಡತವಿರುವ ವಿಭಾಗ ಸಿಕ್ಕಿಲ್ಲ. ಲೈವ್ ಪೆನ್‌ಡ್ರೈವಿನಿಂದ ಡಿಸ್ಕನ್ನು ತೆರೆದು ಗ್ರಬ್ಬನ್ನು ಮರುಸ್ಥಾಪಿಸಬೇಕು. ವಿಭಾಗಗಳ ಗುರುತುಸಂಖ್ಯೆಯಾದ ಯುಯುಐಡಿ ಬದಲಾಗಿದ್ದರೆ ಎಫ್‌ಎಸ್‌ಟ್ಯಾಬ್ ಕಡತವನ್ನು ತಿದ್ದಿ ಆರಂಭಿಕ ರ್‍ಯಾಮ್ ಚಿತ್ರಿಕೆಯನ್ನು ಮತ್ತೆ ಕಟ್ಟಬೇಕು. ಹಳೆಯ, ಹೊಸ ಡಿಸ್ಕುಗಳೆರಡೂ ಒಂದೇ ಯುಯುಐಡಿ ಹೊತ್ತು ಒಟ್ಟಿಗಿರುವುದು ಅಪಾಯ: ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದಿಲ್ಲ, ಬಿಟಿಆರ್‌ಎಫ್‌ಎಸ್‌ನಲ್ಲಿ ದತ್ತಾಂಶವೇ ಕೆಡಬಹುದು.

ಬಿಟ್‌ಲಾಕರ್

ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಮಾಲೀಕರಿಗೇ ಗೊತ್ತಿಲ್ಲದೆ ಬಿಟ್‌ಲಾಕರಿನಿಂದ ಬೀಗ ಹಾಕಿಕೊಂಡಿರುವುದುಂಟು. ಬೀಗದ ಕೀಲಿ ಟಿಪಿಎಂ ಚಿಪ್ಪಿನ ವಶದಲ್ಲಿರುವುದರಿಂದ ಡಿಸ್ಕು ಅಥವಾ ಬೂಟ್ ಸೆಟ್ಟಿಂಗು ಬದಲಾದೊಡನೆ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಕ್ಲೋನಿಗೆ ಮೊದಲೇ ಈ ಕೀಲಿಯನ್ನು ಮಾಲೀಕರ ಮೈಕ್ರೋಸಾಫ್ಟ್ ಖಾತೆಯಿಂದ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ಪೂರ್ತಿ ತೆಗೆದು, ಕೆಲಸ ಮುಗಿದ ಬಳಿಕ ಮತ್ತೆ ಹಾಕುವುದು ಸುರಕ್ಷಿತ. ಕೀಲಿ ಇಲ್ಲದಿದ್ದರೆ ಡಿಸ್ಕನ್ನು ತೆರೆಯಲು ಬೇರೆ ಉಪಾಯವಿಲ್ಲ.

ಮೂಲ ಡಿಸ್ಕಿನ ಸ್ಥಿತಿ

ಮೂಲವೇ ಕೆಟ್ಟಿದ್ದರೆ ನಕಲೂ ಕೆಟ್ಟದ್ದೇ. ಡಿಸ್ಕು ತನ್ನ ಸ್ಥಿತಿಯ ಬಗ್ಗೆ ಕೊಡುವ ಸ್ಮಾರ್ಟ್ ವರದಿಯಲ್ಲಿ 5, 197, 198 ಸಂಖ್ಯೆಯ ಸಾಲುಗಳ ಕಚ್ಚಾ ಎಣಿಕೆ ಏರುತ್ತಿದ್ದರೆ ಡಿಸ್ಕಿನ ಸೆಕ್ಟರುಗಳು ಸಾಯುತ್ತಿವೆ ಎಂದರ್ಥ. 199 ಏರಿದರೆ ಸಂಶಯಿಸಬೇಕಾದದ್ದು ಕೇಬಲ್ಲನ್ನು. ಸೆಕ್ಟರು ಸತ್ತ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ ಓಡಿಸಿ ದಣಿಸುವ ಬದಲು ಡಿಡಿರೆಸ್ಕ್ಯೂದಿಂದ ಮೊದಲು ನಕಲು ತೆಗೆದು, ಚೆಕ್‌ಡಿಸ್ಕ್ ಮುಂತಾದ ದುರಸ್ತಿಯನ್ನು ನಕಲಿನ ಮೇಲೆ ಮಾಡಬೇಕು. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿದಂಥ ಸಂದರ್ಭದಲ್ಲಿ ನೀರು ಕುಡಿದ ಡಿಸ್ಕಿಗೆ ಒಣಗಿದೆಯೆಂದು ಕರೆಂಟ್ ಕೊಡುವುದು ಸರಿಯಲ್ಲ. ಅದು ದತ್ತಾಂಶ ಮರುಪಡೆಯುವ ಪ್ರಯೋಗಾಲಯದ ಕೆಲಸ.

ವಿಂಡೋಸ್ 8ರಿಂದೀಚೆಗೆ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಸಾಮಾನ್ಯ ಶಟ್‌ಡೌನ್ ಪೂರ್ಣ ಶಟ್‌ಡೌನ್ ಅಲ್ಲ. ಕರ್ನೆಲ್ಲಿನ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿದ ಮೇಲೆಯೇ ಕ್ಲೋನ್ ಆರಂಭಿಸಬೇಕು. ಯುಪಿಎಸ್ ಇಲ್ಲದೆ ಹಾಗೂ ಕರೆಂಟ್ ಹೋಗುವ ವೇಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. 500 ಗಿಗಾಬೈಟಿನ ಹಾರ್ಡ್‌ಡಿಸ್ಕಿನಿಂದ 480 ಗಿಗಾಬೈಟಿನ ಎಸ್‌ಎಸ್‌ಡಿಗೆ ಹೋಗುವಾಗ ಮೊದಲು ವಿಭಾಗವನ್ನು ಕುಗ್ಗಿಸಬೇಕು. ಡಿಡಿ ಬಳಸಿ ಸುಮ್ಮನೆ ಸುರಿದರೆ ತುದಿಯ ರಿಕವರಿ ವಿಭಾಗವೂ ಜಿಪಿಟಿಯ ಎರಡನೆಯ ಪ್ರತಿಯೂ ಕತ್ತರಿಸಿಹೋಗುತ್ತವೆ. ದೊಡ್ಡ ಡಿಸ್ಕಿಗೆ ಹೋದರೆ ಆ ಪ್ರತಿ ತುದಿಯ ಬದಲು ನಡುವೆ ಸಿಲುಕುತ್ತದೆ. ಜಿಡಿಸ್ಕ್ ಸಾಧನದಿಂದ ಅದನ್ನು ತುದಿಗೆ ಸರಿಸಬಹುದು.

ಹಲವು ಯಂತ್ರಗಳಿಗೆ ಒಂದೇ ಪ್ರತಿ

ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮೂರೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಇಂಥ ಸಂಸ್ಥೆಗಳ ಲ್ಯಾಬುಗಳಲ್ಲಿ ಒಂದೇ ಮಾದರಿಯ ಹತ್ತಾರು ಯಂತ್ರಗಳಿದ್ದಾಗ ಒಂದನ್ನು ಸಿದ್ಧಪಡಿಸಿ ಉಳಿದವಕ್ಕೆ ನಕಲು ಹಾಕುವುದು ಸಹಜ. ಅವೆಲ್ಲ ಬೂಟ್ ಆದರೂ ಒಂದೇ ಹೆಸರು ಮತ್ತು ಒಂದೇ ಭದ್ರತಾ ಗುರುತು ಹೊತ್ತಿರುತ್ತವೆ. ಇದನ್ನು ತಪ್ಪಿಸಲು ನಕಲಿಗೆ ಮೊದಲು ಮೂಲಯಂತ್ರದಲ್ಲಿ ಸಿಸ್‌ಪ್ರೆಪ್ ಓಡಿಸಬೇಕೆಂಬುದು ಮೈಕ್ರೋಸಾಫ್ಟಿನ ನಿಯಮ. ಬಹುಕಾಲ ಇದನ್ನು ಕಡೆಗಣಿಸಿದರೂ ನಡೆಯುತ್ತಿತ್ತು. 2025ರ ಆಗಸ್ಟ್ ಕೊನೆಯಿಂದ ಬಂದ ವಿಂಡೋಸ್ 11ರ ಅಪ್‌ಡೇಟುಗಳ ಬಳಿಕ, ಒಂದೇ ಗುರುತಿನ ಯಂತ್ರಗಳ ನಡುವೆ ಕಡತ ಹಂಚಿಕೆಯ ಲಾಗಿನ್ ವಿಫಲವಾಗುತ್ತದೆ. ಲಿನಕ್ಸ್ ಲ್ಯಾಬಿನಲ್ಲಿ ಇದಕ್ಕೆ ಸಮನಾದ ಎಚ್ಚರವೆಂದರೆ ಪ್ರತಿ ಯಂತ್ರದಲ್ಲೂ ಮಷೀನ್-ಐಡಿ ಕಡತವನ್ನು ಹೊಸದಾಗಿಸುವುದು.

ಕೆಲಸ ಮುಗಿದ ಮೇಲೆ

ಹೊಸ ಡಿಸ್ಕಿನಲ್ಲಿ ನುಡಿ ಫಾಂಟು, ಪ್ರಿಂಟರ್, ಬೆರಳಚ್ಚು ಯಂತ್ರ ಎಲ್ಲವೂ ಕೆಲವು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯ ಡಿಸ್ಕನ್ನು ಅಳಿಸಬೇಕು. ಅಲ್ಲಿಯವರೆಗೆ ಬೇರೆಲ್ಲ ಉಪಾಯ ಕೈಕೊಟ್ಟರೂ ಉಳಿಯುವ ಪ್ರತಿ ಅದೊಂದೇ. ರಿಪೇರಿಗೆ ಬಂದ ಡಿಸ್ಕಿನಲ್ಲಿ ಗಿರಾಕಿಗಳ ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕುಗಳ ಸ್ಕ್ಯಾನ್ ಪ್ರತಿಗಳಿರುತ್ತವೆ. ಕ್ವಿಕ್ ಫಾರ್ಮ್ಯಾಟ್ ಹೊಡೆದರೆ ಅವು ಅಳಿಯುವುದಿಲ್ಲ. ಹಾರ್ಡ್‌ಡಿಸ್ಕಾದರೆ ಪೂರ್ತಿ ಒಮ್ಮೆ ಮೇಲೆ ಬರೆದು, ಎಸ್‌ಎಸ್‌ಡಿಯಾದರೆ ತಯಾರಕರ ಸೆಕ್ಯೂರ್ ಇರೇಸ್ ಸಾಧನ ಬಳಸಿ ಅಳಿಸಬೇಕು. ಓದಲಾಗದಷ್ಟು ಕೆಟ್ಟ ಡಿಸ್ಕನ್ನು ಮುರಿದು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು, ಗುಜರಿಗೆ ಹಾಕುವಂತಿಲ್ಲ.